ಕುಸುಬಿ ಎಣ್ಣೆಯ ಎರಡು ಸೀಸೆ

ಕುಸುಬಿ ಎಣ್ಣೆಗೆ ಒಂದು ವಾಸನೆ ಇರುತ್ತದೆ. ಬಿಸಿಲಿಗೆ ಕಾದ ಮರ, ಎತ್ತಿನ ಬೆವರು, ಹಸಿ ಬೀಜದ ಘಾಟು ಮೂರೂ ಕೂಡಿ ಓಣಿಯ ತಿರುವಿಗೇ ಬಂದು ಕೈ ಹಿಡಿಯುವ ವಾಸನೆ. ಹಣಮಂತ್ರಾಯರು ಏಳು ವರ್ಷದವರಿದ್ದಾಗ ಅಜ್ಜಿಯ ಸೆರಗು ಹಿಡಿದು ಗಾಣದ ಮನೆಗೆ ಹೋಗುತ್ತಿದ್ದರು. ಬರುವಾಗ ತಂಬಿಗೆ ಅಜ್ಜಿ ಹೊರುತ್ತಿದ್ದಳು, ವಾಸನೆ ಇವರು ಹೊರುತ್ತಿದ್ದರು. ಅಂಗಿ ಒಗೆಯಲು ಹಾಕುವ ತನಕ ಅದು ಬಿಟ್ಟು ಹೋಗುತ್ತಿರಲಿಲ್ಲ.

ಐವತ್ತಾರು ವರ್ಷದ ಮೇಲೆ, ಪುಣೆಯ ಧನಕವಡಿಯ ಒಂದು ಅಡುಗೆಮನೆಯಲ್ಲಿ ನಿಂತು ಅವರು ಸೀಸೆಯ ಮುಚ್ಚಳ ತಿರುವಿದರು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಎರಡು ಹನಿ ಅಂಗೈಗೆ ಹಾಕಿ ತಿಕ್ಕಿ, ಮತ್ತೆ ಮೂಸಿದರು.

"ಏನ್ ಬಂತ್ರಿ ಕಾಕಾ?" ಇಂದೂ ಕೇಳಿದಳು.

"ಏನೂ ಬರಲಿಲ್ಲವ್ವಾ. ನಿಮ್ಮ ನಳದ ನೀರಿಗೆ ಇದಕ್ಕಿಂತ ಹೆಚ್ಚು ವಾಸನಿ ಅದ."

ಸೀಸೆಯ ಚೀಟಿಯ ಮೇಲೆ ಮಾತ್ರ ಎಲ್ಲವೂ ಇತ್ತು. ಗಾಣ, ಗಾಣದ ಸುತ್ತ ತಿರುಗುವ ಬಿಳಿ ಎತ್ತು, ಕೆಂಪು ರುಮಾಲು ಸುತ್ತಿ ನಗುತ್ತಿರುವ ಮುದುಕ.

ಇಂದೂ ಬರೆಯುವ ಬ್ಲಾಗಿನ ಓದುಗ ಮನೋಹರ ಈ ಸೀಸೆಯನ್ನು ನಿನ್ನೆ ಸಂಜೆ ಅವಳ ಹೊಸ್ತಿಲ ಮೇಲಿಟ್ಟು ಹೋದಾಗಿನಿಂದ ಆ ಮನೆಯಲ್ಲಿ ಯಾರೂ ನೆಟ್ಟಗೆ ಉಂಡಿರಲಿಲ್ಲ. ಆತ ಭೋಸರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬಸುರಿ ತಂಗಿಯ ಕುಬಸಕ್ಕೆ ಈ ಎಣ್ಣೆಯ ಆರು ಸೀಸೆ ತರಿಸಿದ್ದ. ಬಂದ ಬೀಗರು ಚಟ್ನಿಯ ಮೇಲೆ ಎಣ್ಣೆ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದ್ದರಂತೆ. ಕೂಗಾಡಲು ಬಂದಿದ್ದಾನೆ ಎಂದುಕೊಂಡು ಇಂದೂ ಬಾಗಿಲಲ್ಲಿ ಗಟ್ಟಿಯಾಗಿ ನಿಂತಿದ್ದಳು. ಆತ ಕೂಗಾಡಲಿಲ್ಲ. ಸೀಸೆಯನ್ನು ಒರೆಸಿ ಇಟ್ಟು, "ನಿಮ್ಮ ಮಾತಿನ ಮ್ಯಾಲೆ ತರಿಸಿದ್ದೆ ಅಕ್ಕಾ," ಎಂದಷ್ಟೇ ಹೇಳಿದ. ಸೀಸೆ ತಂದ ಚೀಲದಲ್ಲಿ ಒಂದು ತೆಂಗಿನಕಾಯಿಯೂ ಇತ್ತು. ಹೆಣ್ಣುಮಕ್ಕಳ ಮನೆಗೆ ಬರೀ ದೂರು ಹೊತ್ತು ಬರಬಾರದೆಂದು ಅವನ ತಾಯಿ ಇಟ್ಟು ಕಳಿಸಿದ್ದಳಂತೆ. ಆ ತೆಂಗಿನಕಾಯಿ ನೋಡಿಯೇ ಇಂದೂ ಅತ್ತದ್ದು.

"ಆದ್ರ ಆ ಮಾತು ನಂದಲ್ಲ ಕಾಕಾ," ಎಂದಳು ಈಗ. "ನಾ ಬರದದ್ದೇ ಅಲ್ಲ. ಯಾರರ ನಂಬ್ತಾರೇನು?"

"ನಾನು ನಂಬಿದ್ದಕ್ಕನ ರಾಯರನ್ನ ಕರಕೊಂಡು ಬಂದೀನಲ್ಲ," ಎಂದಳು ರೇಣು.

ರೇಣು ಓಣಿಯ ಮೂಲೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವಳು. ಎರಡು ಕಂಪ್ಯೂಟರ್, ಒಂದು ಟೆಲಿಫೋನ್, ದಿನವಿಡೀ ಕಾಲೇಜಿನ ಹುಡುಗರ ಸಾಲು. ಹಾಳೆ ಎಣಿಸಲು ಬಲಗೈ ತೋರುಬೆರಳಿಗೆ ಕಿತ್ತಳೆ ಬಣ್ಣದ ರಬ್ಬರ್ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದಳು. ಅದನ್ನು ತೆಗೆಯುವುದನ್ನೇ ಮರೆತು ಹಾಗೆಯೇ ಬಂದುಬಿಟ್ಟಿದ್ದಳು. ಇಂದೂಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸಲು ಕಲಿಸಿದವಳು ಅವಳೇ. ಇಂದೂಳ ಬ್ಲಾಗನ್ನು ಮೊದಲು ಓದಿದವಳೂ ಅವಳೇ.

ಹಣಮಂತ್ರಾಯರಿಗೆ ಬ್ಲಾಗು ಎಂದರೇನೆಂದು ನಿನ್ನೆಯ ತನಕ ಗೊತ್ತಿರಲಿಲ್ಲ. ರೇಣುವಿನ ಅಂಗಡಿಯ ಹಳೆಯ ಗಿರಾಕಿಯಾದ ಅವರು ಮೂವತ್ತು ವರ್ಷ ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳ ತನಿಖೆ ಮಾಡಿ ನಿವೃತ್ತರಾದವರು. ಸುಟ್ಟ ಗೋದಾಮಿನಲ್ಲಿ ನಿಜವಾಗಿ ಸುಟ್ಟದ್ದೆಷ್ಟು, ಸುಟ್ಟಿತೆಂದು ಬರೆಸಿದ್ದೆಷ್ಟು ಎಂದು ಬೂದಿ ಮೂಸಿ ಹೇಳುತ್ತಿದ್ದ ಮೂಗು ಅದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆಯಿರಲಿಲ್ಲ. ಬದಲಿಗೆ ಒಂದು ನಮೂನೆಯ ಖುಷಿ.

"ಮೊದಲಿಂದ ಹೇಳವ್ವಾ. ನಾ ಎಂದೂ ಈ ಊರಿಗೆ ಬಂದಿಲ್ಲ ಅಂತ ತಿಳಕೋ."

ಇಂದೂ ಹೇಳಿದಳು. ಅವಳು ಕಾಲೇಜೊಂದರ ಆಫೀಸಿನಲ್ಲಿ ಕ್ಲಾರ್ಕು. ಗಂಡ ಈರಣ್ಣ ಬೆಳಗಿನ ಏಳಕ್ಕೆ ಭೋಸರಿಯ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ಮನೆ. ಎರಡೂವರೆ ವರ್ಷದ ಹಿಂದೆ, ಅತ್ತೆ ಮಾಡುವ ಅಡುಗೆಯನ್ನೆಲ್ಲ ಬರೆದಿಡೋಣವೆಂದು 'ರೊಟ್ಟಿಬುಟ್ಟಿ' ಎಂಬ ಬ್ಲಾಗು ಶುರುಮಾಡಿದಳು. ಕಂಪ್ಯೂಟರಿನೊಳಗಿನ ದಿನಚರಿ ಪುಸ್ತಕ ಅದು, ಬೇಕಾದವರು ತೆರೆದು ಓದಬಹುದು, ಕೆಳಗೆ ತಮ್ಮದೂ ಎರಡು ಮಾತು ಬರೆಯಬಹುದು. ಮೊದಲು ಹತ್ತು ಮಂದಿ ಓದಿದರು. ಆಮೇಲೆ ಮಸ್ಕತ್ತಿನಿಂದ, ಸೂರತ್ತಿನಿಂದ, ಮನೆ ಬಿಟ್ಟು ಬಂದು ರೂಮಿನಲ್ಲಿ ಕೈಯಡುಗೆ ಮಾಡುವ ಹುಡುಗರೆಲ್ಲ ಓದತೊಡಗಿದರು. ರೊಟ್ಟಿ ಮುರಿಯಿತು ಎಂದು ಒಬ್ಬ ಬರೆದರೆ ಇಂದೂ ಅಂದೇ ಉತ್ತರ ಬರೆಯುತ್ತಿದ್ದಳು.

"ಒಂದ ನೇಮ ಇಟ್ಟೀನಿ ಕಾಕಾ. ಅತ್ತಿಯವರು ಬಾಯಿಗೆ ಹಾಕ್ಕೊಂಡು 'ಹೂಂ' ಅನ್ನೂ ತನಕ ಏನೂ ಹಾಕೂದಿಲ್ಲ. ಅದನ್ನ ಬ್ಲಾಗಿನ ತಲಿಮ್ಯಾಲೆನ ಬರದೀನಿ. ಯಾವ ಅಂಗಡಿ ಸಾಮಾನೂ ತಗೋರಿ ಅಂತ ಹೇಳಿಲ್ಲ. ಎಷ್ಟೋ ಮಂದಿ ಕೇಳಿದ್ರು, ಒಲ್ಲೆ ಅಂದೆ."

"ಕೇಳೂದು ಅಂದ್ರ?"

"ಅಫಿಲಿಯೇಟ್ ಲಿಂಕ್ ಅಂತ ಬರ್ತದ ರಾಯರ," ರೇಣು ನಡುವೆ ಬಾಯಿ ಹಾಕಿದಳು. "ನೀವು ಸ್ವಾರಗೇಟ್ ಬಸ್‌ಸ್ಟ್ಯಾಂಡಿನ್ಯಾಗ ಇಳದು ರಿಕ್ಷಾ ಹತ್ತಿ, ಛಲೋ ಲಾಡ್ಜಿಗೆ ಬಿಡಪಾ ಅಂತೀರಿ. ಅವ ಒಂದ ಲಾಡ್ಜಿಗೆ ಒಯ್ದು ಬಿಡ್ತಾನ. ನೀವು ಒಳಗ ಹೋದ ಮ್ಯಾಲೆ ಲಾಡ್ಜಿನವ ರಿಕ್ಷಾದವಗ ಚಹಾಕ್ಕ ಅಂತ ಏನೋ ಕೊಡ್ತಾನ. ಇಲ್ಲಿ ರಿಕ್ಷಾ ಅಂದ್ರ ಬ್ಲಾಗು. ಓದಿದವರು ಬ್ಲಾಗಿನ ಲಿಂಕ್ ಒತ್ತಿ ಆ ಅಂಗಡಿಗೆ ಹೋಗಿ ಏನರ ಕೊಂಡ್ರ, ಒಯ್ದು ಬಿಟ್ಟವರಿಗೆ ಕಮಿಷನ್."

"ಯಾವ ರಿಕ್ಷಾ ಅಂತ ಲಾಡ್ಜಿನವಗ ಹ್ಯಾಂಗ ತಿಳೀತದ?"

"ಲಿಂಕಿನ ಬಾಲಕ್ಕ ಒಂದು ಗುರ್ತು ಇರ್ತದಲ್ರಿ."

ಹಣಮಂತ್ರಾಯರ ಹುಬ್ಬು ಮೇಲೇರಿತು. "ಪಾಲಿಸಿ ಮ್ಯಾಲೆ ಏಜೆಂಟನ ಕೋಡ್ ನಂಬರ್ ಇರ್ತದಲ್ಲ, ಹಂಗ! ಇದು ನಮ್ಮದ ಧಂದೆ ಬಿಡ್ರಿ."

ಹೋದ ತಿಂಗಳು ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಇಂದೂ ಹದಿನೈದು ದಿನ ಸೊಲ್ಲಾಪುರಕ್ಕೆ ಹೋಗಿದ್ದಳು. ತಿರುಗಿ ಬಂದು ಕಂಪ್ಯೂಟರ್ ಹಚ್ಚಿದರೆ, ಬ್ಲಾಗಿನಲ್ಲಿ ಅವಳ ಹೆಸರಿನಲ್ಲೇ ಒಂದು ಹೊಸ ಬರಹ. ಕುಸುಬಿ ಎಣ್ಣೆಯ ಮೇಲೆ. ಕೊನೆಗೆ ಒಂದು ಲಿಂಕ್. ಕೆಳಗೆ ತೊಂಬತ್ತು ಮಂದಿಯ ಮೆಚ್ಚುಗೆ.

"ಅವತ್ತ ತೆಗೆದುಬಿಡಬೇಕಿತ್ತು," ಎಂದಳು ಇಂದೂ, ತಲೆ ತಗ್ಗಿಸಿ. "ತೆಗೀಲಿಲ್ಲ. ಎರಡು ದಿನ ಸುಮ್ಮನ ಕೂತೆ. ಇಷ್ಟು ಛಲೋ ಎಂದೂ ಬರದಿರಲಿಲ್ಲ ಅಕ್ಕಾ, ಓದಿ ಕಣ್ಣೀರು ಬಂತು ಅಂತ ಎಲ್ಲಾರೂ ಬರದಿದ್ರು ಕಾಕಾ. ಭಾಳ ಸಿಹಿ ಅನಿಸ್ತು. ಆ ಎರಡು ದಿನದಾಗ ಎಷ್ಟು ಮಂದಿ ಕೊಂಡ್ರೋ."

ಮೂಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಶಿವಗಂಗವ್ವನ ಕೈ ಒಂದು ಗಳಿಗೆ ನಿಂತು, ಮತ್ತೆ ಚಲಿಸಿತು.

ರವಿವಾರ ಅರವತ್ತು ಜನ ಓದುಗರು ಇಂದೂಳನ್ನು ಕಾಣಲು ಧನಕವಡಿಯ ಒಂದು ಸಭಾಗೃಹದಲ್ಲಿ ಸೇರುವವರಿದ್ದರು. ಎರಡು ತಿಂಗಳ ಹಿಂದೆಯೇ ಗೊತ್ತಾದದ್ದು. ಇಂದು ಶುಕ್ರವಾರ.

"ಅವರ ಮುಂದ ನಿಂತು ಯಾರು ಬರದರು, ಯಾಕ ಬರದರು ಅಂತ ಖರೆ ಹೇಳಬೇಕು. ಇಲ್ಲಾಂದ್ರ ರೊಟ್ಟಿಬುಟ್ಟಿ ಅವತ್ತ ಮುಚ್ಚತೀನಿ. 'ಯಾರೋ ಕಳ್ಳರು ಹೊಕ್ಕಿದ್ರು' ಅಂತ ಹೇಳಿ ಪಾರಾಗೂದು ನನ್ನ ಕೈಲೆ ಆಗೂದಿಲ್ಲ."

"ಕಳ್ಳರು ಹೊಕ್ಕಾರು ಹ್ಯಾಂಗ? ಕೀಲಿ ಬೇಕಲ್ಲ?"

ಇಂದೂ ಗೋಡೆಯ ಕಡೆ ಕೈ ತೋರಿಸಿದಳು. ಗ್ಯಾಸಿನ ಒಲೆಯ ಪಕ್ಕದ ಕ್ಯಾಲೆಂಡರಿನಲ್ಲಿ, ಸಿಲಿಂಡರು ಬಂದ ತಾರೀಖು, ಸಂಕಷ್ಟಿಯ ಸುತ್ತಿನ ಗುರುತು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಬ್ಲಾಗಿನ ಪಾಸ್‌ವರ್ಡ್.

ಹಣಮಂತ್ರಾಯರು ನಕ್ಕುಬಿಟ್ಟರು. "ತಂಗೆವ್ವಾ, ತಿಜೋರಿ ಕೀಲಿ ತಿಜೋರಿಗೇ ಜೋತು ಹಾಕೀಯಲ್ಲ!"

"ಅಡಿಗಿಮನಿ ತನಕ ಬರೂವರು ನಮ್ಮವರ ಅಲ್ಲೇನ್ರಿ?" ಎಂದಳು ಅವಳು. ಅದು ಅವಳಿಗೆ ತಪ್ಪೆಂದು ಈಗಲೂ ಅನಿಸಿರಲಿಲ್ಲ.

ಶಿವಗಂಗವ್ವ ಎದ್ದು ಚಹಾ ತಂದಿಟ್ಟಳು. ಎಲ್ಲರಿಗೂ ಸ್ಟೀಲಿನ ಲೋಟ, ಹಣಮಂತ್ರಾಯರಿಗೆ ಮಾತ್ರ ಪಿಂಗಾಣಿ ಕಪ್ಪು. ಅದರಲ್ಲಿ ಸಕ್ಕರೆ ಇರಲಿಲ್ಲ. ಸಕ್ಕರೆ ಕಾಯಿಲೆಯೆಂದು ಅವರು ಒಳಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಬೇರೆ ಯಾರಿಗೋ ಹೇಳಿದ್ದರು.

ರೇಣು ತನ್ನ ಅಂಗಡಿಯಲ್ಲಿ ಆ ಬರಹವನ್ನು ಹಾಳೆಗೆ ಇಳಿಸಿ ತಂದಿದ್ದಳು. ಹಣಮಂತ್ರಾಯರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"'ಕುಸುಬಿ ಕೊಯ್ಯುವವರು ಕೈಗೂ ಕಾಲಿಗೂ ಹಳೆಯ ಸೀರೆ ಸುತ್ತಿಕೊಂಡು ಮುಳ್ಳಿಗೆ ಇಳಿಯುತ್ತಿದ್ದರು. ಗಾಣಕ್ಕೆ ಹಾಕುವಾಗ ಅಪ್ಪ ಬೊಗಸೆಯಿಂದ ಬಿಸಿನೀರು ಚಿಮುಕಿಸುತ್ತಿದ್ದ. ಆಗ ಏಳುವ ವಾಸನೆಗೆ ಎತ್ತು ಕೂಡ ಮೂಗು ಅರಳಿಸುತ್ತಿತ್ತು. ಶೇಂಗಾ ಆಡಿಸುವ ದಿನ ನಮಗೆ ಬೆಲ್ಲದ ಜೊತೆ ಬಿಸಿ ಹಿಂಡಿ ಸಿಗುತ್ತಿತ್ತು. ಕುಸುಬಿ ಆಡಿಸುವ ದಿನ ಬರೀ ವಾಸನೆ.'"

ಅವರ ದನಿ ತಾನಾಗಿಯೇ ಇಳಿಯಿತು. ಕಾಗದ ಕೆಳಗಿಟ್ಟರು.

"ಇದು ಸುಳ್ಳು ಬರದವರ ಬರಹ ಅಲ್ಲ," ಎಂದರು.

"ಅಂದ್ರ?"

"ಕುಸುಬಿ ಹಿಂಡಿ ಕಹಿ. ಎಮ್ಮಿಗೆ ಹಾಕ್ತಾರ, ಮಕ್ಕಳಿಗೆ ಕೊಡೂದಿಲ್ಲ. ಪುಸ್ತಕ ನೋಡಿ ಬರದವರು ಅಲ್ಲೇ ಎಡವತಿದ್ರು, ಕುಸುಬಿ ಹಿಂಡಿ ತಿಂದೆ ಅಂತ ಬರೀತಿದ್ರು. 'ಬರೀ ವಾಸನಿ' ಅನ್ನಾಕ ಗಾಣದ ಮುಂದ ಕೂತು ಆಸಿ ಮಾಡಿರಬೇಕು. ನೀ ಎಲ್ಲಿ ಹುಟ್ಟೀದೆವ್ವಾ?"

"ಇಲ್ಲೇ ಭೋಸರಿ ಕ್ವಾರ್ಟರ್ಸ್‌ನ್ಯಾಗ. ಗಾಣ ಕಣ್ಣಿಲೆ ಕಂಡಿಲ್ಲ."

"ರೇಣು?"

"ನಾನು ಹುಬ್ಬಳ್ಳಿ ಸ್ಟೇಷನ್ ರೋಡಿನಾಕಿ. ನನಗ ಎಣ್ಣಿ ಅಂದ್ರ ಪ್ಯಾಕೀಟು."

"ಅಕ್ಕಾರ, ನಿಮ್ಮ ತವರು?"

ಶಿವಗಂಗವ್ವ ಮೊರ ಕೊಡವಿದಳು. "ಊರು ಬಿಟ್ಟು ಅರವತ್ತು ವರ್ಷ ಆತು ತಮ್ಮಾ," ಎಂದಳು.

"ಅತ್ತಿಯವರು ಹನ್ನೆರಡಕ್ಕ ಮದುವ್ಯಾಗಿ ಬಂದವರು," ಎಂದಳು ಇಂದೂ. "ತವರಿನ ಮಾತು ಎತ್ತೂದೇ ಇಲ್ಲ. ಅಲ್ಲಿ ಯಾರೂ ಉಳದಿಲ್ಲ. ಮತ್ತ ಅವರಿಗೆ ಅಕ್ಷರ ಬರೂದಿಲ್ಲ ಕಾಕಾ. ಕ್ಯಾಲೆಂಡರಿನ ಅಂಕಿ ಸೈತ ನನ್ನ ಕೇಳ್ತಾರ."

"ಸ್ವಪ್ನಿಲ್‌ನ ಕೇಳಿದ್ರ ಎಲ್ಲಾ ಬರ್ತದ ಹೊರಗ," ಎಂದಳು ರೇಣು, ಗಡಿಯಾರ ನೋಡುತ್ತ ಎದ್ದು. "ಬ್ಲಾಗಿನ ಒಳಗಿಂದೆಲ್ಲಾ ನೋಡಿಕೊಳ್ಳೂವ ಅವನ. ನಾ ಹೊಂಟೆ, ಅಂಗಡಿ ತಗೀಬೇಕು. ರಾಯರ, ಏನರ ಝೆರಾಕ್ಸ್ ಬೇಕಾದ್ರ ಒಂದರೊಳಗ ಬರ್ರಿ. ಒಂದರಿಂದ ನಾಕು ಪುಣೆದಾಗ ಬ್ರಹ್ಮದೇವರು ಬಂದ್ರೂ ಅಂಗಡಿ ಬಾಗಲಾ ತಗ್ಯಾಂಗಿಲ್ಲ!"

ಅವಳು ನಗುತ್ತ ಹೋದಳು. ಹಣಮಂತ್ರಾಯರು ಹಾಳೆಯ ಅಡಿಯಲ್ಲಿ ಮೂಡಿದ್ದ ಲಿಂಕಿನ ಬಾಲವನ್ನು ಬೆರಳಿನಿಂದ ಸವರುತ್ತ ಕುಳಿತರು. ಇಂಗ್ಲಿಷಿನ ಮೂರು ಅಕ್ಷರ, ಆಮೇಲೆ 4179 ಎಂಬ ಅಂಕಿ.

* * *

ಸ್ವಪ್ನಿಲ್ ಇಂದೂಳ ಸೋದರಮಾವನ ಮಗ. ಕೊಂಢವಾದಲ್ಲಿ ಇನ್ನೂ ಗೋಡೆಗೆ ಸಿಮೆಂಟಿನ ಗಿಲಾಯಿ ಮುಗಿಯದ ಒಂದು ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಕೋಣೆ ಹಿಡಿದು, ಅಂಗಡಿಯವರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದ. ಹಣಮಂತ್ರಾಯರು ಮೆಟ್ಟಿಲು ಹತ್ತುವ ಮೊದಲು ಕೆಳಗೆ ನಿಲ್ಲಿಸಿದ್ದ ಮೋಟರ್‌ಸೈಕಲ್ಲುಗಳ ಹಿಂದೆ ಒಂದು ಸುತ್ತು ನಡೆದರು. ಮೂರನೆಯದರ ಹತ್ತಿರ ನಿಂತು, ಜೇಬಿನಿಂದ ಹಾಳೆ ತೆಗೆದು ನೋಡಿ, ಮಡಚಿ ಇಟ್ಟುಕೊಂಡರು.

ಕೋಣೆಯ ತುಂಬ ಸಿಮೆಂಟಿನ ಧೂಳು. ಸ್ವಪ್ನಿಲ್ ಅವರನ್ನು ಕಂಡವನೇ ಎದ್ದು, ತನ್ನ ಕರವಸ್ತ್ರದಿಂದ ಕುರ್ಚಿ ಒರೆಸಿ, "ಬಸಾ ಕಾಕಾ, ಕೂಡ್ರಿ," ಎಂದ. ಮುಖ ಮಾತ್ರ ಬಿಳಿಚಿತ್ತು.

"ಕುಸುಬಿ ಎಣ್ಣಿ ತಿಂದೀಯೇನಪಾ?"

"ಎಣ್ಣಿ ಎಲ್ಲಾ ಒಂದ ಅಲ್ರಿ ಕಾಕಾ?"

"ಹಂಗಾರ ಬರಹ ನಿಂದಲ್ಲ ಅಂತ ಆತು. ಲಿಂಕ್ ಯಾರದು?"

"ಶಪಥ ಕಾಕಾ, ನನಗ ಏನೂ..."

"ಶಪಥ ಇಟ್ಟುಕೋ, ಮುಂದ ಬೇಕಾದೀತು. ಕೆಳಗ ನಿಂತ ಗಾಡಿ ನಂಬರ್ ಎಷ್ಟು?"

"ಯಾಕ್ರಿ? ನಾಕು ಸಾವಿರದ..."

"ಹೇಳು ಹೇಳು. ನಾಕು ಸಾವಿರದ ನೂರಾ ಎಪ್ಪತ್ತೊಂಬತ್ತು. ಲಿಂಕಿನ ಬಾಲಕ್ಕೂ ಅದ ನಂಬರ್, ಗಾಡಿ ಬಾಲಕ್ಕೂ ಅದ ನಂಬರ್. ನಮ್ಮ ಕಾಲದಾಗ ಏಜೆಂಟರು ಹೆಂಡತಿ ಹೆಸರಿಲೆ ಕೋಡ್ ತಗೋತಿದ್ರು. ನಿನಗ ಲಗ್ನ ಆಗಿಲ್ಲ, ಗಾಡಿ ಹೆಸರಿಲೆ ತಗೊಂಡೀದಿ."

ಸ್ವಪ್ನಿಲ್ ಮೇಜಿನ ಕೆಳಗೆ ಕೈ ಹಾಕಿ ಒಂದು ಪೆಟ್ಟಿಗೆ ಎತ್ತಿ ಮುಂದಿಟ್ಟ. ಹೊಸ ಡಿಜಿಟಲ್ ಕ್ಯಾಮೆರಾ. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ.

"ಅಕ್ಕ ಬ್ಲಾಗಿನ ಫೋಟೋಕ್ಕ ಮಂದಿ ಕ್ಯಾಮೆರಾ ಕೇಳಿ ಕೇಳಿ ತರ್ತಾಳ ಕಾಕಾ. ರವಿವಾರ ಎಲ್ಲಾರ ಮುಂದ ಇದನ್ನ ಕೊಡಬೇಕಂತ ಮಾಡಿದ್ದೆ. ಆ ಲಿಂಕಿಂದ ಬಂದದ್ದೆಲ್ಲಾ ಇದರಾಗ ಹೋಗೇದ. ನನಗಂತ ಒಂದು ಚಹಾ ಕುಡದಿಲ್ಲ. ಎಣ್ಣಿ ಖೋಟಾ ಅಂತ ನಿನ್ನೆನ ತಿಳಿದದ್ದು."

"ಅಕ್ಕನ ಹೆಸರಿಲೆ ಬರದವರು ಯಾರು?"

"ಅಕ್ಕನ ಬರದಾಳ ಅಂತ ತಿಳಕೊಂಡಿದ್ದೆ! ಬರಹ ಮೊದಲ ಒಳಗ ಇತ್ತು ಕಾಕಾ. ಬರದು ಇಟ್ಟಿದ್ರು, ಪ್ರಕಟ ಮಾಡಿರಲಿಲ್ಲ. ನಾ ತಗದದ್ದೂ ಅಲ್ಲ, ನೋಡಿದ್ದೂ ಅಲ್ಲ. ಫೋನ್ ಬಂದ ಮ್ಯಾಲೆನ ನೋಡಿದ್ದು."

"ಯಾರ ಫೋನು?"

"ಎಣ್ಣಿ ಅಂಗಡಿಯಿಂದ ಅಂತ ಒಬ್ಬಾಕಿ. ಕನ್ನಡದಾಗ ಮಾತಾಡಿದ್ಲು. 'ನಿಮ್ಮಕ್ಕನ ಬ್ಲಾಗಿನ್ಯಾಗ ಕುಸುಬಿ ಎಣ್ಣಿ ಮ್ಯಾಲೆ ಒಂದು ಬರಹ ತಯಾರಾಗಿ ಕೂತದ. ನಮ್ಮಲ್ಲಿ ನಿಮ್ಮ ಹೆಸರು ಬರಸ್ರಿ, ಲಿಂಕ್ ಹಚ್ರಿ, ಹೊರಗ ಬಿಡ್ರಿ' ಅಂದ್ಲು. ನೋಡಿದ್ರ ಖರೇನ ಇತ್ತು."

ಹಣಮಂತ್ರಾಯರು ಕನ್ನಡಕ ತೆಗೆದರು. "ಹೊರಗ ಬಂದಿರದ ಬರಹ. ಒಳಗ ಅದು ಕೂತದ ಅಂತ ಆಕಿಗೆ ಹ್ಯಾಂಗ ಗೊತ್ತು?"

ಮೂರು ವಾರದಲ್ಲಿ ಆ ಪ್ರಶ್ನೆ ಸ್ವಪ್ನಿಲ್‌ಗೆ ಒಮ್ಮೆಯೂ ಹೊಳೆದಿರಲಿಲ್ಲ.

"ದನಿ ಗುರ್ತು ಹತ್ತಲಿಲ್ಲೇನು?"

"ಇಲ್ರಿ. ಬಾಯಿಗೆ ಅರಿವಿ ಹಿಡದು ಮಾತಾಡಿದಂಗ ಇತ್ತು. ಹಿಂದ ಏನೋ ಮಷಿನ್ ಸಪ್ಪಳ. ಗರ್ ಅಂತ ಬರೂದು, ನಿಲ್ಲೂದು, ಮತ್ತ ಗರ್ ಅಂತ ಬರೂದು. ಕಾರ್ಖಾನಿ ಇದ್ದೀತು ಅಂದ್ಕೊಂಡೆ."

"ಆ ಬರಹ ಯಾವಾಗ ಬರದದ್ದು ಅಂತ ನಿನ್ನ ಡಬ್ಬಿಯೊಳಗ ಕಾಣತದೇನು?"

ಹುಡುಗ ಕಂಪ್ಯೂಟರಿನ ಕಡೆ ತಿರುಗಿದ. ಹೊಸದಾಗಿ ಬಂದ ಒಂದು ಸವಲತ್ತಂತೆ, ಬರಹವನ್ನು ಎಷ್ಟು ಸಲ ಉಳಿಸಿಟ್ಟರೋ ಅಷ್ಟು ಸಲದ ಪ್ರತಿಯನ್ನೂ ಅದು ತಾರೀಖು, ತಾಸು ಸಮೇತ ಕಾಪಿಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ಹಣಮಂತ್ರಾಯರು ಮಗುವಿನಂತೆ ಪರದೆಗೆ ಮೂಗು ತಾಗಿಸಿ ನೋಡಿದರು.

ಹನ್ನೊಂದು ದಿನ. ಪ್ರತಿದಿನವೂ ಮಧ್ಯಾಹ್ನ ಮೂರೂವರೆಯಿಂದ ನಾಲ್ಕರೊಳಗೆ. ಮೊದಲ ದಿನ ಬರೀ ಒಂದು ಸಾಲು: ಕುಸುಬಿ ಕೊಯ್ಯುವವರು ಕೈಗೂ ಕಾಲಿಗೂ ಹಳೆಯ ಸೀರೆ ಸುತ್ತಿಕೊಂಡು. ಎರಡನೆಯ ದಿನ ಮುಳ್ಳು. ಐದನೆಯ ದಿನ ಬರೀ 'ಅಪ್ಪ' ಎಂಬ ಒಂದು ಶಬ್ದ, ಮತ್ತೇನೂ ಇಲ್ಲ. ಮರುದಿನ ಆ ಅಪ್ಪ ಬಿಸಿನೀರು ಚಿಮುಕಿಸುತ್ತಿದ್ದ.

ಒಂದೇ ಶಬ್ದ ಮೂಡಿಸಿ ಎದ್ದುಹೋದ ಆ ದಿನ ಏನಾಗಿರಬಹುದೆಂದು ಹಣಮಂತ್ರಾಯರು ಬಹಳ ಹೊತ್ತು ಯೋಚಿಸಿದರು.

"ಇದು ಎಲ್ಲಿಯ ಕಂಪ್ಯೂಟರಿನಿಂದ ಬರದದ್ದು?"

"ಅಕ್ಕನ ಮನೀದ. ಬರದಾಗ ಅಕ್ಕ ಸೊಲ್ಲಾಪುರದಾಗಿದ್ಲು, ಹೌದಲ್ರಿ?" ಈಗ ಅವನಿಗೂ ಹೊಳೆಯತೊಡಗಿತ್ತು. "ಮಧ್ಯಾಹ್ನ ಮನಿಯಾಗ ಶಿವಗಂಗತ್ತಿ ಒಬ್ಬರ. ಆದ್ರ ಅವರಿಗೆ ಅಕ್ಷರನ ಬರೂದಿಲ್ಲ ಕಾಕಾ!"

"ಅದ ಅಲ್ಲೇನಪಾ ಮಜಾ," ಎಂದು ಹಣಮಂತ್ರಾಯರು ಎದ್ದರು. ಬಾಗಿಲಲ್ಲಿ ತಿರುಗಿ, "ಆ ಕ್ಯಾಮೆರಾ ತಿರುಗಿ ಅಂಗಡಿಗೆ ಕೊಟ್ಟು ಬಾ. ಅಕ್ಕಗ ಇವತ್ತ ಸಂಜೀಕ ನೀನ ಬಾಯಿಬಿಟ್ಟು ಹೇಳು. ಬೈದಾಳು. ಬೈಸಿಕೋ. ಆಮ್ಯಾಲೆ ಉಣ್ಣಾಕ ಕರೀತಾಳ," ಎಂದರು.

* * *

ಅವರು ಧನಕವಡಿಯಲ್ಲಿ ಬಸ್ಸಿಳಿದಾಗ ಮೂರೂ ಕಾಲು. ಓಣಿಗೆ ಓಣಿಯೇ ಮಲಗಿತ್ತು. ರೇಣುವಿನ ಅಂಗಡಿಯ ಶಟರು ನೆಲಮುಟ್ಟಿತ್ತು. ಹಿಟ್ಟಿನ ಗಿರಣಿಯ ಮುಂದೆ ಒಂದು ನಾಯಿ ಮಾತ್ರ ಎಚ್ಚರವಿತ್ತು.

ಶಿವಗಂಗವ್ವ ಬಾಗಿಲು ತೆರೆದಳು. ಕಣ್ಣಿನ ಪೊರೆಯಿಂದಾಗಿ ಮುಖ ಕಾಣದೆ, ಚಪ್ಪಲಿಯ ಸಪ್ಪಳದಿಂದ ಗುರುತಿಸಿ, "ತಮ್ಮಾ?" ಎಂದಳು. ಒಳಗೆ ಕರೆದು ತಂಬಿಗೆ ನೀರು ಕೊಟ್ಟಳು.

"ಉಂಡೀರೇನು?"

"ಇಲ್ರಿ ಅಕ್ಕಾರ. ಕೊಂಢವಾಕ್ಕ ಹೋಗಿದ್ದೆ."

ಅವಳು ಮತ್ತೇನೂ ಕೇಳಲಿಲ್ಲ. ಒಲೆ ಹೊತ್ತಿಸಿದಳು. ಹಣಮಂತ್ರಾಯರು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕುಳಿತರು. ಬಿಸಿ ಹೆಂಚಿನ ಮೇಲೆ ರೊಟ್ಟಿ ಉಬ್ಬುವುದನ್ನು ನೋಡುತ್ತ, ಮೆಲ್ಲಗೆ ಕೇಳಿದರು:

"ಅಪ್ಪ ಅನ್ನೂದೊಂದ ಶಬ್ದ ಬರಸಿ ಅವತ್ತ ಯಾಕ ಎದ್ದು ಹೋದ್ರಿ ಅಕ್ಕಾರ?"

ರೊಟ್ಟಿಯ ಮೇಲಿನ ನೀರು ಸವರುವ ಬಟ್ಟೆ ಕೈಯಲ್ಲೇ ನಿಂತಿತು. ಹೆಂಚು ಹೊಗೆಯಾಡಿತು. ಅವಳು ರೊಟ್ಟಿ ಮಗುಚಿದಳು.

ಆಮೇಲೆ ಎದ್ದು, ಉಪ್ಪಿನಕಾಯಿ ಭರಣಿಗಳ ಹಿಂದೆ ಕೈ ಹಾಕಿ, ಸೆರಗಿನಲ್ಲಿ ಮುಚ್ಚಿ ಏನನ್ನೋ ತಂದಳು. ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿಯ ಗುಡ್ಡೆ. ಗುಡ್ಡೆಯ ನಡುವೆ ಬೆರಳಿನಿಂದ ಒಂದು ಗುಣಿ ಮಾಡಿ, ಅದು ತುಂಬುವ ತನಕ ಎಣ್ಣೆ ಸುರಿದಳು. ತಾಟನ್ನು ಅವರ ಮುಂದಿಟ್ಟಳು.

ಹಣಮಂತ್ರಾಯರು ಕೈ ಚಾಚಲಿಲ್ಲ. ಚಾಚಲಾಗಲಿಲ್ಲ.

ಬಿಸಿಲಿಗೆ ಕಾದ ಮರ. ಎತ್ತಿನ ಬೆವರು. ಹಸಿ ಬೀಜದ ಘಾಟು. ಪಕ್ಕದಲ್ಲೇ ಅಜ್ಜಿಯ ಸೆರಗು ಇದೆಯೇನೋ ಎಂಬಂತೆ ಅವರ ಕೈ ಚಾಪೆಯ ಅಂಚು ಹಿಡಿಯಿತು.

"ಅಕ್ಕಾರ, ಆ ಸೀಸೆ ತೋರಸ್ರಿ."

ಅವಳು ಸೆರಗು ಸರಿಸಿದಳು. ಗಾಣ, ಬಿಳಿ ಎತ್ತು, ಕೆಂಪು ರುಮಾಲಿನ ಮುದುಕ. ಮನೋಹರ ಹೊಸ್ತಿಲ ಮೇಲಿಟ್ಟ ಸೀಸೆಯ ಚೀಟಿಯೇ ಇದು. ಒಂದು ಗೆರೆಯೂ ಬೇರೆಯಿಲ್ಲ. ಒಳಗಿನ ಎಣ್ಣೆ ಮಾತ್ರ ಬೇರೆ.

"ಇಂದೂ ಇಲ್ಲದಾಗ ಪಾರ್ಸಲ್ ಬಂತು," ಎಂದಳು ಶಿವಗಂಗವ್ವ. "ಮುಚ್ಚಳ ತಗದೆ ತಮ್ಮಾ. ನಮ್ಮಪ್ಪ ಬಂದು ಎದುರಿಗೆ ನಿಂತಂಗಾತು. ಅರವತ್ತು ವರ್ಷದ ಮ್ಯಾಲೆ ಒಂದೀಟು ಬಾಯಿಬಿಟ್ಟು ಹೇಳಬೇಕನಿಸ್ತು. ಅಷ್ಟ. ಮಾರಾಕ ಹೇಳಲಿಲ್ಲ ನಾ. ನನ್ನ 'ಹೂಂ' ನಂಬಿ ಅಷ್ಟು ಮಂದಿ ಮೋಸ ಹೋದ್ರು ಅಂತ ತಿಳಿದ ಮ್ಯಾಲೆ, ಸೊಸಿ ಮುಂದ ಬಾಯಿ ಬರಲಿಲ್ಲ."

ಬರಹ ಸುಳ್ಳಲ್ಲ. ಈ ಸೀಸೆಯೂ ಸುಳ್ಳಲ್ಲ. ಕೊಂಡವರ ಮನೆಗಳಿಗೆಲ್ಲ ಬರೀ ಚೀಟಿ ಹೋಗಿತ್ತು, ನಿಜದ ಎಣ್ಣೆ ಬಂದದ್ದು ಈ ಮನೆಗೆ ಮಾತ್ರ. ಅಕ್ಷರ ಬಾರದ, ಕಣ್ಣು ಮಸುಕಾದ ಒಬ್ಬ ಮುದುಕಿಯ ಮೂಗಿಗೆ ಮೋಸ ಮಾಡಲಾಗದು ಎಂದು ತಿಳಿದವರು ಯಾರೋ ಇದನ್ನು ಕಳಿಸಿದ್ದರು. ಗಂಡನ ಮನೆಯಲ್ಲಿ ಯಾರಿಗೂ ಹೇಳದ ತವರನ್ನು ಅವಳು ಒಬ್ಬರಿಗೆ ಹೇಳಿದ್ದಳು.

"ಯಾರಿಗೆ ಹೇಳಿದ್ರಿ ಅಕ್ಕಾರ? ಬರಕೊಂಡವರು ಯಾರು?"

"ಪಾಪದ ಹುಡುಗಿ," ಎಂದಳು ಮುದುಕಿ ಗಡಬಡಿಸಿ. "ಅದಕ್ಕ ಏನೂ ಅನಬ್ಯಾಡ್ರಿ. ಹನ್ನೊಂದು ದಿನ ತನ್ನ ಊಟದ ಹೊತ್ತು ಬಿಟ್ಟು ಬಂದು ನಾ ಹೇಳಿದ್ದೆಲ್ಲಾ ಕೂತು ಕೇಳಿತು. ಒಂದು ದಿನ ನಾ ಅಳಾಕ ಹತ್ತಿದ್ರ, ಅಕ್ಷರ ಒತ್ತೂದು ಬಿಟ್ಟು ನನ್ನ ಕೈ ಹಿಡಕೊಂಡು ಕೂತಿತು. ಈ ಮನಿಯಾಗ ನನ್ನ ರುಚಿ ಕೇಳ್ತಾರ ತಮ್ಮಾ. ನನ್ನ ಕತಿ ಯಾರೂ ಕೇಳಿರಲಿಲ್ಲ."

ಆಗ ಅವರು ನೋಡಿದರು. ಒಲೆಯ ಕಟ್ಟೆಯ ಮೇಲೆ ಇನ್ನೊಂದು ತಾಟು ಇತ್ತು. ಅದರಲ್ಲೂ ಎರಡು ರೊಟ್ಟಿ, ಚಟ್ನಿ, ಗುಣಿ, ಎಣ್ಣೆ. ಮೇಲೆ ಒಂದು ಒದ್ದೆ ಬಟ್ಟೆ ಮುಚ್ಚಿತ್ತು.

ಗೋಡೆಯ ಗಡಿಯಾರದಲ್ಲಿ ಮೂರೂವರೆ.

ಹಿತ್ತಲ ಬಾಗಿಲನ್ನು ಯಾರೋ ಎರಡು ಸಲ, ಉಗುರಿನಿಂದ ಕೆರೆದಷ್ಟು ಮೆಲ್ಲಗೆ ತಟ್ಟಿದರು.

ಶಿವಗಂಗವ್ವ ಹಣಮಂತ್ರಾಯರ ಕಡೆ ನೋಡಿ, ಕೈಮುಗಿದಂತೆ ಬೆರಳನ್ನು ತುಟಿಗೆ ಒತ್ತಿಕೊಂಡಳು. ತಾಟು ಎತ್ತಿಕೊಂಡು ಹೋಗಿ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಳು. ಹೊರಗಿನ ಬಿಸಿಲಿನಿಂದ ಒಂದು ಕೈ ಒಳಗೆ ಚಾಚಿತು. ಆ ಕೈಯ ತೋರುಬೆರಳಿಗೆ, ತೆಗೆಯಲು ಮರೆತ ಕಿತ್ತಳೆ ಬಣ್ಣದ ರಬ್ಬರ್ ಟೊಪ್ಪಿಗೆ ಇತ್ತು. ಗರ್ ಎಂದು ಬಂದು ನಿಂತು ಮತ್ತೆ ಬರುವ ಆ ಫೋನಿನ ಹಿಂದಿನ ಮಷಿನ್ ಝೆರಾಕ್ಸಿನದೆಂದು ಹಣಮಂತ್ರಾಯರಿಗೆ ಆಗ ಹೊಳೆಯಿತು.

"ಇವತ್ತ ಒಳಗ ಬ್ಯಾಡ ಮಗಳ. ಅಲ್ಲೇ ಉಣ್ಣು," ಎಂದು ಪಿಸುಗುಟ್ಟಿ, ಮುದುಕಿ ಆ ಕೈಗೆ ತಾಟು ಕೊಟ್ಟಳು.